‘ಪರಿಶಿಷ್ಟ’ ಎಂಬ ಹೆಸರನ್ನು ಒಪ್ಪದ ಜೈಪಾಲ್ ಸಿಂಗ್ ಮುಂಡಾ

ಹಾಕಿಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂದಿದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಆ ತಂಡದ ಬಗ್ಗೆ ಯಾರನ್ನಾದರೂ ಕೇಳಿ, ಧ್ಯಾನ್‌ಚಂದ್ ಹೆಸರು ಹೇಳುತ್ತಾರೆ. ನಾಯಕ ಯಾರಾಗಿದ್ದರು ಅಂದರೆ ಹೆಚ್ಚಿನವರು ತಡವರಿಸುತ್ತಾರೆ. ನಾಯಕನ ಹೆಸರು ಜೈಪಾಲ್ ಸಿಂಗ್, ಛೋಟಾನಾಗಪುರದ ಮುಂಡಾ ಆದಿವಾಸಿ. ಮುಂದೆ ಸಂವಿಧಾನ ಸಭೆಯಲ್ಲಿ ಕೂತು, ಆದಿವಾಸಿಗಳನ್ನು ಈ ದೇಶ ಯಾವ ಹೆಸರಿನಿಂದ ಕರೆಯಬೇಕು ಅಂತ ವಾದಕ್ಕೆ ನಿಂತವರೂ ಇವರೇ. ಆ ವಾದದಲ್ಲಿ ಅವರು ಸೋತರು. ಆ ಸೋಲಿನ ಬೆಲೆಯನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ ನನಗೆ ಅನಿಸುತ್ತದೆ.

ಜೈಪಾಲ್ ಹುಟ್ಟಿದ್ದು 1903ರ ಜನವರಿ 3ರಂದು, ಈಗಿನ ಜಾರ್ಖಂಡ್‌ನ ಖೂಂಟಿ ಬಳಿಯ ಟಕರಾ ಎಂಬ ಊರಲ್ಲಿ. ಅದು ಬಿರ್ಸಾ ಮುಂಡಾ ಬಂಡೆದ್ದ ಸೀಮೆ. ಬಿರ್ಸಾ ರಾಂಚಿ ಜೈಲಿನಲ್ಲಿ ಸತ್ತು ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ದನ ಕಾಯುತ್ತಿದ್ದ ಹುಡುಗ ರಾಂಚಿಯ ಮಿಷನರಿ ಶಾಲೆ ಸೇರಿದ. ಓದಿನಲ್ಲೂ ಆಟದಲ್ಲೂ ಮುಂದಿದ್ದ ಅವನನ್ನು ಹೆಡ್‌ಮಾಸ್ಟರ್ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ್ದಾಯ್ತು, ವಿಶ್ವವಿದ್ಯಾಲಯದ ಹಾಕಿ ತಂಡಕ್ಕೆ ಆಡಿದ್ದಾಯ್ತು, ಐಸಿಎಸ್‌ಗೆ ಆಯ್ಕೆಯೂ ಆಯ್ತು.

ತರಬೇತಿ ನಡೆಯುತ್ತಿರುವಾಗಲೇ ಒಲಿಂಪಿಕ್ ತಂಡವನ್ನು ಮುನ್ನಡೆಸಲು ಕರೆ ಬಂತು. ರಜೆ ಸಿಗಲಿಲ್ಲ, ಆದರೂ ಹೋದರು. ಭಾರತ ಆ ಕೂಟದಲ್ಲಿ 29 ಗೋಲು ಹೊಡೆದು, ಒಂದೂ ಬಿಟ್ಟುಕೊಡದೆ ಗೆದ್ದಿತು. ತಂಡದೊಳಗಿನ ಭಿನ್ನಾಭಿಪ್ರಾಯದಿಂದಾಗಿ ಫೈನಲ್‌ನಲ್ಲಿ ಮಾತ್ರ ನಾಯಕನೇ ಆಡಲಿಲ್ಲ. ವಾಪಸ್ ಬಂದಾಗ ಇನ್ನೊಂದು ವರ್ಷ ತರಬೇತಿ ಮಾಡಬೇಕು ಎಂದರು. ಜೈಪಾಲ್ ಐಸಿಎಸ್ ಅನ್ನೇ ಬಿಟ್ಟರು. ಸಾಮ್ರಾಜ್ಯದ ಅತಿ ದೊಡ್ಡ ನೌಕರಿಯನ್ನು ಹೀಗೆ ಬಿಟ್ಟು ಬಂದ ಆದಿವಾಸಿ ಆ ಕಾಲದಲ್ಲಿ ಇನ್ನೊಬ್ಬ ಇದ್ದಿರಲಾರ.

ಆಮೇಲಿನ ಹತ್ತು ವರ್ಷ ಊರಿನಿಂದ ದೂರವೇ ಕಳೆಯಿತು. ಕಲ್ಕತ್ತಾದಲ್ಲಿ ತೈಲ ಕಂಪನಿ ಕೆಲಸ, ಈಗಿನ ಘಾನಾದ ಅಚಿಮೋಟಾದಲ್ಲಿ ಮೇಷ್ಟ್ರಗಿರಿ, ರಾಯಪುರದ ರಾಜಕುಮಾರ ಕಾಲೇಜು, ಬಿಕಾನೇರ್ ಸಂಸ್ಥಾನ. ಮದುವೆಯಾಗಿದ್ದು ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿ ಅವರ ಮೊಮ್ಮಗಳನ್ನು. ಹಾಗೇ ಇದ್ದಿದ್ದರೆ ಸುಖವಾಗಿ ಬಾಳಬಹುದಿತ್ತು. ಆದರೆ 1939ರ ಜನವರಿಯಲ್ಲಿ ರಾಂಚಿಯಲ್ಲಿ ಆದಿವಾಸಿ ಮಹಾಸಭಾದ ಅಧ್ಯಕ್ಷ ಪಟ್ಟ ಹೊತ್ತುಕೊಂಡರು. ಬೇಡಿಕೆ ಒಂದೇ: ಬಿಹಾರದಿಂದ ಬೇರೆಯಾದ ಜಾರ್ಖಂಡ್. ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷರ ಪರ ನಿಂತಿದ್ದು ಕಾಂಗ್ರೆಸ್ಸಿಗರ ಕಣ್ಣು ಕೆಂಪಾಗಿಸಿತು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಬ್ರಿಟಿಷರಷ್ಟೇ ಅಲ್ಲ, ಜಮೀನ್ದಾರರು, ಲೇವಾದೇವಿಗಾರರೂ ತಮ್ಮ ನೆಲ ಕಸಿದವರೇ ಅನ್ನುವ ಲೆಕ್ಕ ಅವರದ್ದಾಗಿತ್ತು.

1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಅವರು ಎದ್ದು ನಿಂತರು. ನೆಹರೂ ಮಂಡಿಸಿದ್ದ ಧ್ಯೇಯಗಳ ನಿರ್ಣಯದ ಮೇಲೆ ಚರ್ಚೆ ನಡೆಯುತ್ತಿತ್ತು. ಬೇರೆಯವರು ಬೈಗುಳವಾಗಿ ಬಳಸುವ ‘ಜಂಗ್ಲಿ’ ಅನ್ನುವ ಪದವನ್ನೇ ಹೆಮ್ಮೆಯಿಂದ ತನಗೆ ಹಚ್ಚಿಕೊಂಡು ಮಾತು ಶುರು ಮಾಡಿದರು. ನಮಗೆ ಪ್ರಜಾಪ್ರಭುತ್ವದ ಪಾಠ ಹೇಳಬೇಡಿ, ಅದನ್ನು ನೀವೇ ನಮ್ಮಿಂದ ಕಲಿಯಬೇಕು ಅನ್ನುವುದು ಅವರ ಮಾತಿನ ತಿರುಳು. ಸಭೆಯಲ್ಲಿ ಗಂಡಸರೇ ತುಂಬಿಕೊಂಡಿದ್ದಾರೆ ಅಂತಲೂ ಆಕ್ಷೇಪ ಎತ್ತಿದರು. ಪಾನನಿಷೇಧವನ್ನು ನಿರ್ದೇಶಕ ತತ್ವಗಳಿಗೆ ಸೇರಿಸಲು ಹೊರಟಾಗ, ಅಕ್ಕಿಯ ಹೆಂಡವಿಲ್ಲದೆ ಆದಿವಾಸಿಗಳ ಪೂಜೆಯೇ ನಡೆಯುವುದಿಲ್ಲ ಅಂತ ಗಾಂಧಿವಾದಿಗಳ ಎದುರು ನಿಂತು ವಾದಿಸಿದರು.

ಹೆಸರಿನ ವಿಷಯ ಬಂದಿದ್ದು 1948ರ ಡಿಸೆಂಬರ್‌ನಲ್ಲಿ. ‘ಪರಿಶಿಷ್ಟ ಪಂಗಡ’ದ ಬದಲು ‘ಆದಿವಾಸಿ’ ಅಂತಲೇ ಇರಲಿ ಅನ್ನುವುದು ಜೈಪಾಲ್ ಪಟ್ಟು. ಅಂಬೇಡ್ಕರ್ ಕೊಟ್ಟ ಉತ್ತರ ಕಾನೂನಿನದ್ದು: ಆದಿವಾಸಿ ಅನ್ನುವುದು ಯಾರಿಗೆ ಬೇಕಾದರೂ ಅನ್ವಯಿಸಬಹುದಾದ ಸಾಮಾನ್ಯ ಪದ, ಹಕ್ಕು ಕೊಡಬೇಕಾದರೆ ಯಾರ್‍ಯಾರಿಗೆ ಅಂತ ಹೆಸರಿಸಿದ ಪಟ್ಟಿ ಬೇಕು. ಈ ಉತ್ತರವನ್ನು ತಳ್ಳಿಹಾಕುವುದು ಸುಲಭವಲ್ಲ. ಪಟ್ಟಿ ಇಲ್ಲದೆ ಮೀಸಲಾತಿಯೂ ಇಲ್ಲ, ಮೀಸಲು ಕ್ಷೇತ್ರವೂ ಇಲ್ಲ.

ಆದರೆ ಕನ್ನಡದಲ್ಲಿ ‘ಪರಿಶಿಷ್ಟ’ ಅಂದರೆ ಏನು ನೋಡಿ. ಪುಸ್ತಕ ಮುಗಿದ ಮೇಲೆ ಕೊನೆಗೆ ಸೇರಿಸುವ ಭಾಗ, ಉಳಿದದ್ದು. ‘ಆದಿ’ ಅಂದರೆ ಮೊದಲು. ಮೊದಲಿದ್ದವರನ್ನು ಪುಸ್ತಕದ ಕೊನೆಗೆ ತಳ್ಳಿದ ಹಾಗಾಯ್ತು. ಪಟ್ಟಿಯಲ್ಲಿ ಇರುವವನು ಫಲಾನುಭವಿ. ಪಟ್ಟಿ ಯಾರ ಕೈಯಲ್ಲಿದೆಯೋ ಅವನು ಕೊಡುವವನು. ಮೊದಲಿನಿಂದ ಇದ್ದವನು ಅಂದರೆ ಅವನು ಪಾಲುದಾರ, ಅವನನ್ನು ಕೇಳಿಯೇ ನೆಲ ಮುಟ್ಟಬೇಕು. ಐದನೇ ಅನುಸೂಚಿಯನ್ನೇ ತೆಗೆದುಕೊಳ್ಳಿ: ಅಧಿಕಾರ ರಾಜ್ಯಪಾಲರಿಗೆ, ಬುಡಕಟ್ಟು ಸಲಹಾ ಮಂಡಳಿಗೆ ಸಿಕ್ಕಿದ್ದು ಹೆಸರೇ ಹೇಳುವಂತೆ ಸಲಹೆ ಕೊಡುವ ಕೆಲಸ.

ಸಂವಿಧಾನ ಸಭೆಯ ಹೊರಗಿನ ಕಥೆ ಇನ್ನೂ ಕಹಿ. 1948ರ ಜನವರಿ 1ರಂದು ಖರ್ಸಾವಾದಲ್ಲಿ, ಆ ಸಂಸ್ಥಾನವನ್ನು ಒಡಿಶಾಕ್ಕೆ ಸೇರಿಸುವುದನ್ನು ವಿರೋಧಿಸಿ ನೆರೆದಿದ್ದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅವತ್ತು ಜನ ಕಾಯುತ್ತಿದ್ದುದು ಜೈಪಾಲ್ ಮಾತು ಕೇಳಲು. ಅವರು ಅಲ್ಲಿಗೆ ತಲುಪಲೇ ಇಲ್ಲ. ಸತ್ತವರೆಷ್ಟು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಸ್ವತಂತ್ರ ಭಾರತಕ್ಕೆ ಆಗಿನ್ನೂ ಐದು ತಿಂಗಳೂ ತುಂಬಿರಲಿಲ್ಲ.

1950ರಲ್ಲಿ ಮಹಾಸಭಾ ಜಾರ್ಖಂಡ್ ಪಾರ್ಟಿಯಾಯಿತು. ಆದಿವಾಸಿಗಳಲ್ಲದ ಸ್ಥಳೀಯರಿಗೂ ಬಾಗಿಲು ತೆರೆಯಿತು. 1952ರ ಚುನಾವಣೆಯಲ್ಲಿ 32 ಸೀಟು ಗೆದ್ದು ಬಿಹಾರ ವಿಧಾನಸಭೆಯ ಮುಖ್ಯ ವಿರೋಧ ಪಕ್ಷವಾಯಿತು. ಆದರೆ 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಜಾರ್ಖಂಡ್ ಬೇಡಿಕೆಯನ್ನು ತಿರಸ್ಕರಿಸಿತು. ಆ ಪ್ರದೇಶದಲ್ಲಿ ಆದಿವಾಸಿಗಳು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ ಅನ್ನುವುದು ಒಂದು ಕಾರಣ. ಗಣಿ, ಕಾರ್ಖಾನೆಗಳಿಗಾಗಿ ಹೊರಗಿನವರು ಬಂದು ನೆಲೆಸುತ್ತಿದ್ದ ನೆಲದಲ್ಲೇ, ನೀವು ಕಡಿಮೆ ಇದ್ದೀರಿ ಅಂತ ಅಲ್ಲಿನವರಿಗೆ ಹೇಳಿದ ಹಾಗಾಯ್ತು. 1962ರ ಹೊತ್ತಿಗೆ ಪಕ್ಷ 20 ಸೀಟಿಗೆ ಇಳಿಯಿತು. ಮರುವರ್ಷ ಜೈಪಾಲ್ ಪಕ್ಷವನ್ನೇ ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿದರು. ಕಾರ್ಯಕರ್ತರಲ್ಲಿ ಅನೇಕರು ಇದನ್ನು ಕ್ಷಮಿಸಲಿಲ್ಲ. ಹಣ, ಅಧಿಕಾರ ಇಲ್ಲದ ಪ್ರಾದೇಶಿಕ ಪಕ್ಷ ಎಷ್ಟು ದಿನ ತಾಳೀತು ಅನ್ನುವುದು ನಿಜ. ಆದರೂ ವಿಲೀನದಿಂದ ರಾಜ್ಯವೂ ಸಿಗಲಿಲ್ಲ, ಪಕ್ಷವೂ ಉಳಿಯಲಿಲ್ಲ. 1970ರ ಮಾರ್ಚ್ 20ರಂದು, ಸಂಸದರಾಗಿದ್ದಾಗಲೇ, ದೆಹಲಿಯಲ್ಲಿ ತೀರಿಕೊಂಡರು. ಜಾರ್ಖಂಡ್ ರಾಜ್ಯ ಹುಟ್ಟಿದ್ದು ಅದಾಗಿ 30 ವರ್ಷಕ್ಕೆ, 2000ದ ನವೆಂಬರ್ 15ರಂದು.

ಎಂಜಿನಿಯರಿಂಗ್ ಓದುವಾಗ ನಮಗೆ ಅಣೆಕಟ್ಟಿನ ಎತ್ತರ, ನೀರಿನ ಸಂಗ್ರಹ, ಮೆಗಾವ್ಯಾಟ್ ಎಲ್ಲ ಲೆಕ್ಕ ಹಾಕಲು ಕಲಿಸಿದರು. ಮುಳುಗಡೆ ಪ್ರದೇಶ ನಕ್ಷೆಯ ಮೇಲಿನ ಒಂದು ಗೆರೆ ಮಾತ್ರ. ಆ ಗೆರೆಯೊಳಗೆ ಯಾರಿದ್ದರು? 2011ರ ಜನಗಣತಿ ಪ್ರಕಾರ ಆದಿವಾಸಿಗಳು ದೇಶದ ಜನಸಂಖ್ಯೆಯ ಶೇ. 8.6. ಅಭಿವೃದ್ಧಿ ಯೋಜನೆಗಳಿಂದ ಎತ್ತಂಗಡಿಯಾದವರಲ್ಲಿ ಅವರ ಪಾಲು ಶೇ. 40ರ ಆಸುಪಾಸು ಅನ್ನುವ ಅಂದಾಜು, ಕೇಂದ್ರ ಸರ್ಕಾರವೇ ನೇಮಿಸಿದ್ದ ವರ್ಜಿನಿಯಸ್ ಖಾಖಾ ಸಮಿತಿಯ 2014ರ ವರದಿಯಲ್ಲಿದೆ. ಪಟ್ಟಿಯಲ್ಲಿ ಹೆಸರಿತ್ತು, ಆದರೆ ಕೇಳಿದವರು ಯಾರೂ ಇರಲಿಲ್ಲ.

ಇದು ಬರೀ ಛೋಟಾನಾಗಪುರದ ಮಾತಲ್ಲ. ಕರ್ನಾಟಕದಲ್ಲಿ ಜೇನುಕುರುಬರು, ಸೋಲಿಗರು, ಕೊರಗರು ಇದ್ದಾರೆ. ಆದರೆ ಐದನೇ ಅನುಸೂಚಿಯ ಒಂದೇ ಒಂದು ಪ್ರದೇಶವೂ ಇಲ್ಲ. ಹಾಗಾಗಿ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿನ ಹಾಡಿಗಳಿಗೆ ಅನ್ವಯಿಸುವುದಿಲ್ಲ. ಅವರ ಕೈಲಿರುವ ದೊಡ್ಡ ಅಸ್ತ್ರ 2006ರ ಅರಣ್ಯ ಹಕ್ಕು ಕಾಯ್ದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದೇ ಕಾಯ್ದೆ ಹಿಡಿದು 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ದೇಶದಲ್ಲಿ ಅದು ಮೊದಲು. ಕಾಡಿನ ಮೇಲೆ ಸಮುದಾಯಕ್ಕೇ ಹಕ್ಕು ಅನ್ನುವ ಈ ದಾರಿ ಜೈಪಾಲ್ ವಾದಕ್ಕೆ ಹತ್ತಿರದ್ದು.

ಆದ್ದರಿಂದ ಮುಂದಿನ ಬಜೆಟ್‌ನಲ್ಲಿ ಹಾಡಿಗಳಿಗೆ ಪ್ಯಾಕೇಜ್ ಘೋಷಣೆಯಾದಾಗ ಎಷ್ಟು ಕೋಟಿ ಅಂತ ಕೇಳಿ, ಅಲ್ಲಿಗೇ ನಿಲ್ಲಿಸಬೇಡಿ. ಅರಣ್ಯ ಹಕ್ಕಿನ ಅರ್ಜಿ ಎಷ್ಟು ಬಾಕಿ ಇವೆ, ಸ್ಥಳಾಂತರಕ್ಕೆ ಗ್ರಾಮಸಭೆ ಒಪ್ಪಿದೆಯಾ, ಒಪ್ಪಿದ ಸಭೆಯಲ್ಲಿ ಹೆಂಗಸರು ಎಷ್ಟು ಮಂದಿ ಇದ್ದರು ಅಂತಲೂ ಕೇಳಿ.