ಮುಷ್ಟಿವೀರ ಸೇನಾನಿ ಷ್ಯು ಶಿಯೋ

ಚೀನವೆಂದೊಡನೆ ನನ್ನ ವಯಸ್ಸಿನವರಿಗೆ 1962ರ ಯುದ್ಧದ ಕಹಿ ನೆನಪೇ ಮೊದಲು ಬರುತ್ತದೆ. ಆದರೂ ಆ ದೇಶದ ಸೇನಾನಿಯೊಬ್ಬನ ಜೀವನವನ್ನು ನಾನು ನಮ್ಮ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಹಲವು ಬಾರಿ ಹೇಳಿದ್ದುಂಟು. ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ಅದನ್ನೇ ಸಂಗ್ರಹವಾಗಿ ನಿವೇದಿಸುತ್ತಿದ್ದೇನೆ.

ಷ್ಯು ಶಿಯೋ 1905ರಲ್ಲಿ ಮಧ್ಯ ಚೀನದ ದಾಬಿಯೆ ಪರ್ವತಪ್ರದೇಶದ ಕಡುಬಡ ರೈತ ಕುಟುಂಬದಲ್ಲಿ ಜನಿಸಿದನು. ಬಡತನದ ನಿಮಿತ್ತ ಬಾಲ್ಯದಲ್ಲಿಯೇ ಹೆನಾನ್ ಪ್ರಾಂತ್ಯದ ಶಾಓಲಿನ್ ಬೌದ್ಧವಿಹಾರವನ್ನು ಸೇರಿದನು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನ ಹೆಸರಿನೊಡನೆ ಪರಂಪರೆಯು ಜೋಡಿಸುವ ವಿಹಾರವದು. ಕಸ ಗುಡಿಸಿ, ನೀರು ಹೊತ್ತು, ಅಲ್ಲಿ ಆತನು ಮುಷ್ಟಿವಿದ್ಯೆಯನ್ನೂ ಖಡ್ಗವಿದ್ಯೆಯನ್ನೂ ಕಲಿತನು. ಅಕ್ಷರವಿದ್ಯೆ ಮಾತ್ರ ಆತನಿಗೆ ಹೆಚ್ಚು ದೊರೆಯಲಿಲ್ಲ.

ತರುಣನಾಗಿ ಸೈನ್ಯ ಸೇರಿದ ಶಿಯೋ, 1927ರಲ್ಲಿ ತನ್ನ ಸೀಮೆಯ ರೈತರು ದಂಗೆಯೆದ್ದಾಗ ಕಮ್ಯುನಿಸ್ಟರ ಪಕ್ಷ ವಹಿಸಿದನು. ಪ್ರಾಣದಾಸೆ ತೊರೆದು ಮುನ್ನುಗ್ಗುವ ತುಕಡಿಗಳಿಗೆ ಖಡ್ಗಹಸ್ತನಾಗಿ ಮುಂದಾಳಾದನು; ಹಲವು ಬಾರಿ ಗಾಯಗೊಂಡನು. ಕೆಂಪು ಸೇನೆಯ ದೀರ್ಘ ಪಯಣದಲ್ಲಿ ಹಿಮಪರ್ವತಗಳನ್ನೂ ಜೌಗು ಹುಲ್ಲುಗಾವಲನ್ನೂ ದಾಟಿದನು. 1937ರಲ್ಲಿ ತನ್ನ ಹಿರಿಯ ನಾಯಕನ ಮೇಲೆ ಆರೋಪಗಳು ಬಂದಾಗ ನೊಂದು, ಸಂಗಡಿಗರೊಡನೆ ಯೆನಾನ್ ಬಿಟ್ಟು ಹೋಗಲು ಹವಣಿಸಿ ಬಂಧನಕ್ಕೊಳಗಾದನು. ಮಾವೋ ಆತನನ್ನು ಕ್ಷಮಿಸಿದನು. ಅನಂತರ ಜಪಾನಿನ ಆಕ್ರಮಣದ ವಿರುದ್ಧ ಷಾನ್‌ಡಾಂಗ್ ಪ್ರಾಂತ್ಯದಲ್ಲಿ ವರ್ಷಗಟ್ಟಲೆ ಹೋರಾಡಿದನು. ಅಂತರ್ಯುದ್ಧದಲ್ಲಿ, 1948ರ ಸೆಪ್ಟೆಂಬರಿನಲ್ಲಿ, ಭದ್ರವಾದ ಜಿನಾನ್ ನಗರವನ್ನು ಎಂಟೇ ದಿನಗಳಲ್ಲಿ ವಶಪಡಿಸಿಕೊಂಡನು. 1955ರಲ್ಲಿ ಜನರಲ್ ಪದವಿ ಲಭಿಸಿತು. 1979ರಲ್ಲಿ ವಿಯೆಟ್ನಾಂ ಮೇಲೆ ಚೀನವು ಹೂಡಿದ ಯುದ್ಧದಲ್ಲಿಯೂ ಆತನು ಸೇನೆ ನಡೆಸಿದನು. ಅಪಾರ ಸಾವುನೋವು ತಂದ ಆ ಯುದ್ಧವನ್ನು ನಾನು ಮೆಚ್ಚಲಾರೆ.

ನಾನು ಮಕ್ಕಳಿಗೆ ಹೇಳುತ್ತಿದ್ದುದು ಈ ವಿಜಯಗಳನ್ನಲ್ಲ, ತಾಯಿಯ ಕಥೆಯನ್ನು. ಯುದ್ಧಗಳೆಲ್ಲ ಮುಗಿದು, ದೊಡ್ಡ ಅಧಿಕಾರಿಯಾಗಿ ಊರಿಗೆ ಬಂದಾಗ, ಮುಪ್ಪಿನ ತಾಯಿ ಬೆನ್ನ ಮೇಲೆ ಸೌದೆಹೊರೆ ಹೊತ್ತು ಬರುತ್ತಿದ್ದುದನ್ನು ಕಂಡು, ಅಂಗರಕ್ಷಕರ ಎದುರಿನಲ್ಲೇ ಮೊಣಕಾಲೂರಿ ಅತ್ತನೆಂಬ ಪ್ರಸಂಗ ಅಲ್ಲಿ ಜನಜನಿತವಾಗಿದೆ. ಬದುಕಿದ್ದಾಗ ಸೇವೆ ಮಾಡಲಾಗದಿದ್ದ ತಾಯಿಯ ಬಳಿ ಸತ್ತ ಮೇಲಾದರೂ ಇರಬೇಕೆಂದು ಆತನು ಸಂಕಲ್ಪಿಸಿದನು. 1956ರಲ್ಲಿ ಮಾವೋ ಮೊದಲಾದ ನಾಯಕರು ತಮ್ಮ ದೇಹಗಳನ್ನು ದಹಿಸಬೇಕೆಂಬ ಪತ್ರಕ್ಕೆ ಸಹಿ ಹಾಕಿದರು, ಶಿಯೋ ಹಾಕಲಿಲ್ಲ. 1985ರ ಅಕ್ಟೋಬರ್ 22ರಂದು ನಾನ್‌ಜಿಂಗ್‌ನಲ್ಲಿ ಆತನು ನಿಧನನಾದಾಗ, ಡೆಂಗ್ ಷಿಯಾವೊಪಿಂಗ್ ವಿಶೇಷ ಅನುಮತಿಯಿತ್ತನು. ಹುಟ್ಟೂರಿನಲ್ಲಿ ತಂದೆತಾಯಿಯರ ಸಮಾಧಿಯ ಸಮೀಪ ಆತನನ್ನು ಮಣ್ಣು ಮಾಡಿದರು.

ಈ ಕಥೆ ಹೇಳುವಾಗಲೆಲ್ಲ ನನ್ನ ಸ್ವರ ಕುಗ್ಗುತ್ತಿತ್ತು. ನೌಕರಿಯ ನೆಪದಲ್ಲಿ ನಾನೂ ನನ್ನ ತಾಯಿಯ ಕೊನೆಯ ದಿನಗಳಲ್ಲಿ ದೂರವಿದ್ದೆನು. ಮುಂಬಯಿಯಲ್ಲೋ ಕೊಲ್ಲಿ ನಾಡಿನಲ್ಲೋ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ಉತ್ಸವಕ್ಕೆ ಬಂದವರು ವೇದಿಕೆಯಿಂದ ನೇರವಾಗಿ ನಿಲ್ದಾಣಕ್ಕೆ ಹೋಗಬೇಡಿರಿ. ತಾಯಿಯಿರುವವರು ಮನೆಗೆ ಹೋಗಿ ಎರಡು ದಿನ ಇದ್ದು ಬನ್ನಿರಿ.