ನೀನು ಯಾರ ಪೈಕಿ? – ಕಿಟ್ಟೆಲ್ ಅವರ ಜೀವನದಿಂದ

 ಇಷ್ಟು ಮಳೆಯಲ್ಲೂ ಭಟ್ಕಳದಿಂದ, ಕುಮಟಾದಿಂದ ಹೊನ್ನಾವರಕ್ಕೆ ಬಂದಿದ್ದೀರಿ, ಕರ್ತನಿಗೆ ಸ್ತೋತ್ರ. ಸತ್ಯವೇದದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ 14ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ, 8ನೇ ವಚನ. ಬದುಕಿನಲ್ಲಾಗಲಿ ಸಾವಿನಲ್ಲಾಗಲಿ ನಾವು ಯಾರ ಸೊತ್ತು ಅನ್ನುವುದನ್ನು ಪೌಲನು ಅಲ್ಲಿ ಹೇಳ್ತಾನೆ. ಆಮೇಲೆ ಅಲ್ಲಿಗೆ ಬರೋಣ.

ನಮ್ಮ ಕಡೆ ಹೊಸಬರು ಸಿಕ್ಕಿದರೆ ಹೆಸರು ಕೇಳುವ ಮೊದಲೇ ನೀವು ಯಾರ ಪೈಕಿ ಅಂತ ಕೇಳ್ತಾರೆ, ಅಲ್ವಾ? ಯಾವ ಮನೆ, ಯಾವ ಕೇರಿ, ಯಾರ ಸಂಬಂಧ. ಅದು ಗೊತ್ತಾದ ಮೇಲೇ ಚಹಾ. ಕಳೆದ ತಿಂಗಳು ನಮ್ಮ ಸಭೆಯ ಒಬ್ಬ ಸಹೋದರಿ ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಅವರ ಮನೆಯ ಮದುವೆಗೆ ಅವರಿಗೇ ಕರೆಯೋಲೆ ಬರಲಿಲ್ಲ. ಅತ್ತು ಕೇಳಿದರು: "ಪಾಸ್ಟರ್, ನಾನೀಗ ಯಾರವಳು?" ನನಗೆ ವಚನ ಗೊತ್ತಿತ್ತು, ಆದರೆ ಅವರ ಮುಖ ನೋಡಿ ಬಾಯಿ ಬರಲಿಲ್ಲ. ಪ್ರಾರ್ಥನೆ ಮಾಡಿ ಕಳಿಸಿದೆ. ಆ ರಾತ್ರಿ ನನಗೆ ನೆನಪಾದ ಮನುಷ್ಯ ಫರ್ಡಿನೆಂಡ್ ಕಿಟ್ಟೆಲ್.

ನಿಘಂಟು ಮಾಡಿದ ಪಂಡಿತ ಅಂತ ಶಾಲೆ ಮಕ್ಕಳಿಗೂ ಅವರು ಗೊತ್ತು. ಬೆಂಗಳೂರಿನಲ್ಲಿ ಪ್ರತಿಮೆ ಉಂಟು, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಉಂಟು. ಆದರೆ ಅವರು ಬಂದದ್ದು ನಿಘಂಟು ಮಾಡಲಿಕ್ಕಲ್ಲ. ಸುವಾರ್ತೆ ಸಾರಲಿಕ್ಕೆ ಬಂದವರು.

ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ನಮ್ಮ ಹಾಗೆಯೇ ಸಮುದ್ರದ ಗಾಳಿ ಕುಡಿದು ಬೆಳೆದವರು. ತಂದೆ ಸಭಾಪಾಲಕರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಿಷನರಿ ತರಬೇತಿ ಮುಗಿಸಿ 1853ರಲ್ಲಿ ನಮ್ಮ ದೇಶಕ್ಕೆ ಬಂದರು. ವಯಸ್ಸು 21. ನಮ್ಮ ಸಭೆಯಲ್ಲಿ ಗಿಟಾರ್ ಬಾರಿಸುವ ಹುಡುಗರ ಪ್ರಾಯ! ಅದೇ ಬಾಸೆಲ್ ಮಿಷನ್ನಿನವರು ನಮ್ಮ ಹೊನ್ನಾವರದಲ್ಲೂ ಕೆಲಸ ಮಾಡಿದ್ದಾರೆ, ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಬಂದವರು ಏನು ಮಾಡಿದರು? ಬಂಗಲೆಯಲ್ಲಿ ಕೂತು ದುಭಾಷಿ ಇಟ್ಟುಕೊಂಡು ಪ್ರಸಂಗ ಮಾಡಬಹುದಿತ್ತು. ಕಿಟ್ಟೆಲ್ ಕನ್ನಡದೊಳಗೆ ಇಳಿದುಬಿಟ್ಟರು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 9ರಲ್ಲಿ ಹೇಳುವ ಹಾಗೆ, ಯೆಹೂದ್ಯರಿಗೆ ಯೆಹೂದ್ಯನಾಗುವವನು ಕನ್ನಡದವರಿಗೆ ಕನ್ನಡದವನೇ ಆಗಬೇಕು ಎಂಬುದು ಅವರ ಹಟ. 1862ರಲ್ಲಿ ಕಥಾಮಾಲೆ ಅಂತ ಒಂದು ಪುಸ್ತಕ ಬಂತು. ಸತ್ಯವೇದದ ಸಂಗತಿಗಳನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿದ್ದಾರೆ. ನಾವು ಇವತ್ತಿಗೂ ಇಂಗ್ಲಿಷ್ ಹಾಡಿನ ರಾಗಕ್ಕೆ ಕನ್ನಡ ಪದ ತುರುಕುತ್ತೇವೆ, ಪದ ಮುರಿದು ಹೋಗ್ತದೆ. ನಾನೂ ಮಾಡಿದ್ದೇನೆ, ಕರ್ತನು ಕ್ಷಮಿಸಲಿ.

ಆದರೆ ಪ್ರಿಯರೇ, ಅವರ ಸೇವೆ ಸುಲಭ ಇರಲಿಲ್ಲ. ಮಿಷನ್ನಿನ ಕೆಲವರಿಗೆ ಈತ ಪುಸ್ತಕದ ಹುಳ, ಆತ್ಮಗಳನ್ನು ಗೆಲ್ಲುವವನಲ್ಲ ಅನಿಸಿತು. ಊರಿನವರಿಗೆ ಬಿಳಿಯ ಪಾದ್ರಿ. ಅಲ್ಲಿಯೂ ಪೂರ್ತಿ ಸೇರಲಿಲ್ಲ, ಇಲ್ಲಿಯೂ ಪೂರ್ತಿ ಸೇರಲಿಲ್ಲ. 1860ರಲ್ಲಿ ಪೌಲಿನೆ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷ. 1864ರಲ್ಲಿ ಆಕೆ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಕ್ಕಳು. ನಂತರ ಆಕೆಯ ತಂಗಿ ಯೂಲಿಯೆಯನ್ನು ಮದುವೆಯಾದರು.

ಅವರು ಹುಟ್ಟಿದ ಅದೇ 1832ರಲ್ಲಿ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಗಿತ್ತು. ಅದು ಸಾಲದಾಗಿ, ಇನ್ನೂ ದೊಡ್ಡದು ಬೇಕೆಂದು 1870ರ ದಶಕದಲ್ಲಿ ಆ ಕೆಲಸ ಕಿಟ್ಟೆಲ್ ಪಾಲಿಗೆ ಬಂತು. ಹಳೆಯ ಕಾವ್ಯ, ಶಾಸನ, ಗಾದೆ, ರೈತರ ಮಾತು, ಮನೆಯ ಮಾತು ಎಲ್ಲ ಕೂಡಿಸಬೇಕು. ಕನ್ನಡದ ವಿದ್ವಾಂಸರು ಜೊತೆಗೆ ಕೂತು ಸಹಾಯ ಮಾಡಿದರು, ಅವರನ್ನು ಮರೆಯಬಾರದು. 1877ರಲ್ಲಿ ಜರ್ಮನಿಗೆ ಹಿಂದಿರುಗಿದರು. ಅಷ್ಟಕ್ಕೆ ಸಾಕು ಅನ್ನಬಹುದಿತ್ತು. ಆದರೆ ಅಲ್ಲಿ ಕೂತು ಈ ಕೆಲಸ ಮುಗಿಯುವಂಥದ್ದಲ್ಲ. 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಒಬ್ಬರೇ ಮತ್ತೆ ಹಡಗು ಹತ್ತಿದರು. ಪ್ರಾಯ 51.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಂಡ ಗಲ್ಫಿನಲ್ಲಿರುವ ತಾಯಂದಿರು ಇಲ್ಲಿ ಕೂತಿದ್ದೀರಿ, ನಿಮಗೆ ವಿವರಿಸಬೇಕಾಗಿಲ್ಲ. ನಿಮ್ಮವರು ವಾಟ್ಸಾಪಿನಲ್ಲಿ ಮುಖ ತೋರಿಸ್ತಾರೆ. ಅವರಿಗೆ ಕಾಗದ ಮಾತ್ರ, ಅದೂ ವಾರಗಟ್ಟಲೆ ಕಾಯಬೇಕು. ಹಾಗೆ ಸುಮಾರು ಒಂಬತ್ತು ವರ್ಷ, 1892ರವರೆಗೆ. ಮಕ್ಕಳು ಅಪ್ಪನಿಲ್ಲದೆ ಬೆಳೆದರು. ಇದು ಸರಿಯೋ ತಪ್ಪೋ ಅಂತ ನನ್ನನ್ನು ಕೇಳಿದರೆ, ನಾನು ನನ್ನ ಹೆಂಡತಿ ಮಕ್ಕಳನ್ನು ಹಾಗೆ ಬಿಟ್ಟು ಹೋಗಲಾರೆ, ನೀವೂ ಹೋಗಿ ಅಂತ ಪ್ರಸಂಗ ಮಾಡುವುದೂ ಇಲ್ಲ. ಯೂಲಿಯೆ ಏನು ಅನುಭವಿಸಿದರೋ, ಕರ್ತನು ಬಲ್ಲ. ಆದರೆ ಆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಅ ಇಂದ ಆರಂಭಿಸಿ ಒಂದೊಂದೇ ಪದದ ಮುಂದೆ ಕೂತರಲ್ಲ, ಯಾವ ಧೈರ್ಯದಲ್ಲಿ? ದೀಕ್ಷಾಸ್ನಾನದ ಲೆಕ್ಕ ಕೇಳಿದರೆ ತೋರಿಸಲಿಕ್ಕೆ ಅವರ ಹತ್ತಿರ ಪದಗಳ ಚೀಟಿ ಮಾತ್ರ ಇತ್ತು.

ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದಗಳು. ಆಗ ಅವರು ಇಲ್ಲಿರಲಿಲ್ಲ, ಮತ್ತೆ ಬರಲೂ ಇಲ್ಲ. ಕನ್ನಡ ವ್ಯಾಕರಣದ ಪುಸ್ತಕ 1903ರಲ್ಲಿ ಹೊರಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ ಊರಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಕನ್ನಡದ ಕೆಲಸವೇ.

ಬೈಬಲ್ ಕಾಲೇಜಿನ ಲೈಬ್ರರಿಯಲ್ಲಿ ಆ ನಿಘಂಟನ್ನು ನಾನು ಮೊದಲು ಎತ್ತಿದಾಗ ಅದರ ಭಾರಕ್ಕೆ ಕೈ ನೋಯಿತು. ಆಗ ನಗು ಬಂದಿತ್ತು. ಈಗ ಬೇರೆ ಯೋಚನೆ ಬರ್ತದೆ. ಊರು ನನ್ನನ್ನು ಒಪ್ಪಲಿ, ಆಮೇಲೆ ಪ್ರೀತಿಸ್ತೇನೆ ಅಂತ ಆ ಮನುಷ್ಯ ಕಾಯಲಿಲ್ಲ. ಯಾಕೆ ಕಾಯಬೇಕಾಗಲಿಲ್ಲ ಅಂದರೆ, ಅವರು ಯಾರ ಪೈಕಿ ಎಂಬ ಪ್ರಶ್ನೆ ಮೊದಲೇ ಮುಗಿದಿತ್ತು. ರೋಮಾಪುರ 14:8 ಅವರಿಗೆ ಗೋಡೆಯ ಕ್ಯಾಲೆಂಡರಿನ ವಚನ ಆಗಿರಲಿಲ್ಲ.

ನಮ್ಮಲ್ಲಿ ಒಕ್ಕಲು ಅನ್ನುವ ಮಾತುಂಟು. ಹಿಂದೆ ಗೇಣಿ ಮಾಡಿದ ಮನೆಯವರಿಗೆ ಇದು ಗೊತ್ತು. ಆಗ ಒಕ್ಕಲಿಗೆ ಭೂಮಿ ತನ್ನದಾಗಿರಲಿಲ್ಲ, ಒಡೆಯ ಏಳು ಅಂದರೆ ಏಳಬೇಕಿತ್ತು. ಎಷ್ಟು ಮನೆಗಳು ಹಾಗೆ ರಾತ್ರೋರಾತ್ರಿ ಎದ್ದಿವೆ! ನಮ್ಮ ಭಯ ಅದೇ: ದೇವರೂ ಒಂದು ದಿನ ಏಳು ಅನ್ನಬಹುದು ಅಂತ. ಯೆಶಾಯನ ಪುಸ್ತಕ 43 ಓದಿ ನೋಡಿ. ಅಲ್ಲಿ ದೇವರು ಹೆಸರು ಹಿಡಿದು ಕರೆಯುತ್ತಾನೆ, ಬಿಡಿಸಿಕೊಂಡಿದ್ದೇನೆ ಅನ್ನುತ್ತಾನೆ. ಬೆಲೆ ಕೊಟ್ಟು ಬಿಡಿಸಿದವನು ಗೇಣಿ ಬಾಕಿಗೆ ಹೊರಗೆ ಹಾಕುವುದಿಲ್ಲ, ಹಲ್ಲೆಲೂಯಾ!

ಆ ಸಹೋದರಿ ಇವತ್ತು ಬಂದಿದ್ದಾರೆ. ಮದುವೆ ಆಗಿಹೋಯಿತು, ಕರೆಯೋಲೆ ಕೊನೆಗೂ ಬರಲಿಲ್ಲ. ಆದರೆ ಬಾಣಂತಿಯಾದ ಅತ್ತಿಗೆಗೆ ಗಂಜಿ ಮಾಡಿ ಕೊಟ್ಟು ಬರ್ತಿದ್ದಾರಂತೆ, ಬಾಗಿಲಲ್ಲೇ ಇಟ್ಟು. ಎರಡು ದಿನ ಪಾತ್ರೆ ಹಾಗೇ ಇತ್ತಂತೆ, ಮೂರನೇ ದಿನ ತೊಳೆದು ಇಟ್ಟಿದ್ದರಂತೆ. ಎಲ್ಲರೂ ಎದ್ದು ನಿಲ್ಲಿ, ಅವರ ಮನೆಗಾಗಿ ಪ್ರಾರ್ಥನೆ ಮಾಡೋಣ.