ಆರಿದ್ರಾ ಮಳೆಯ ಬುಧವಾರ: ಕುದ್ಮುಲ್ ರಂಗರಾಯರ ಜಾತಕ

ಜರಗನಹಳ್ಳಿಯ ನಮ್ಮ ಪಿಜಿಯಿಂದ ಕನಕಪುರ ರಸ್ತೆಗೆ ಬರುವಷ್ಟರಲ್ಲಿ ಜ್ಯೋತಿಷ್ಯದ ಮೂರು ಬೋರ್ಡು ಸಿಗುತ್ತವೆ. ಮದುವೆ, ಕೋರ್ಟು ಕೇಸು, ವೀಸಾ, ಕೆಲಸ, ಎಲ್ಲಕ್ಕೂ ಪರಿಹಾರ ಉಂಟು. ಮಾಮೂಲಿ ದಿನಗಳಲ್ಲಿ ನಾವು ಅದನ್ನ ನೋಡಿ ನಗ್ತೀವಿ. ಪ್ಲೇಸ್‌ಮೆಂಟ್ ಸೀಸನ್ ಶುರುವಾದ ಮೇಲೆ ನಗು ಸ್ವಲ್ಪ ಕಡಿಮೆ ಆಗುತ್ತೆ. ಹೋದ ಸೆಮಿಸ್ಟರಿನಲ್ಲಿ ಮೊದಲ ಮೂರು ಕಂಪನಿಗಳಲ್ಲೂ ಹೊರಗೆ ಬಿದ್ದ ಗೆಳೆಯನೊಬ್ಬ, ನನಗೆ ಶನಿ ಕಾಟ ಅಂತ ಸೀರಿಯಸ್ಸಾಗಿಯೇ ಹೇಳಿದ. ಆ ರಾತ್ರಿ ನಮ್ಮ ರೂಮಿನಲ್ಲಿ ದೊಡ್ಡ ವಾದ ನಡೆಯಿತು. ಜಾತಕದಲ್ಲಿ ಮನುಷ್ಯ ಕಾಣ್ತಾನಾ, ಇಲ್ವಾ?

ಇಂಜಿನಿಯರುಗಳು ಅಂದ ಮೇಲೆ ಟೆಸ್ಟ್ ಮಾಡಬೇಕಲ್ಲ. ಇನ್‌ಪುಟ್, ಔಟ್‌ಪುಟ್ ಎರಡೂ ಗೊತ್ತಿರುವ ಕೇಸು ಬೇಕು. ಅಂದರೆ ಹುಟ್ಟಿದ ದಿನ ದಾಖಲಾಗಿರಬೇಕು, ಬದುಕು ಪೂರ್ತಿ ಮುಗಿದಿರಬೇಕು. ದೊಡ್ಡವರ ಜಾತಕ ಓದುವುದು ಬೆಂಗಳೂರಿಗೆ ಹೊಸದೇನಲ್ಲ. ಬಿ.ವಿ. ರಾಮನ್ ಅವರು ಇದೇ ಊರಿನಲ್ಲಿ ಕೂತು ಜಗತ್ತಿನ ನಾಯಕರ ಜಾತಕಗಳನ್ನೆಲ್ಲ ಬಿಡಿಸಿಟ್ಟು ಪುಸ್ತಕವನ್ನೇ ಬರೆದವರು. ಯಾರದ್ದು ಓದೋಣ ಅಂದಾಗ ಮಂಗಳೂರಿನ ರೂಮ್‌ಮೇಟ್ ತಕ್ಷಣ ಒಂದು ಹೆಸರು ಹೇಳಿದ: ಕುದ್ಮುಲ್ ರಂಗರಾವ್. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು. ಕರಾವಳಿಯಲ್ಲಿ ದಲಿತರಿಗೆ ಶಾಲೆ ತೆರೆದವರು ಎಂಬುದು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ.

ಹುಟ್ಟಿದ್ದು 1859ರ ಜೂನ್ 29, ಕಾಸರಗೋಡಿನಲ್ಲಿ. ಲ್ಯಾಪ್‌ಟಾಪಿನಲ್ಲಿ ದಿನಾಂಕ ಹಾಕಿದೆವು. ಲಗ್ನದ ಬದಲು ಸೂರ್ಯನಿರುವ ರಾಶಿಯನ್ನೇ ಒಂದನೇ ಮನೆ ಮಾಡಿಕೊಂಡು ಓದುವ ಪದ್ಧತಿಯೂ ಜ್ಯೋತಿಷ್ಯದಲ್ಲಿದೆ. ಅದನ್ನೇ ಹಿಡಿದೆವು.

ಅವತ್ತು ಬುಧವಾರ. ಸೂರ್ಯ ಮಿಥುನದಲ್ಲಿ. ಮಿಥುನಕ್ಕೆ ಅಧಿಪತಿ ಬುಧ. ಸೂರ್ಯನ ಮಳೆ ನಕ್ಷತ್ರ ಆರ್ದ್ರಾ, ನಮ್ಮ ಅಜ್ಜಿಯಂದಿರ ಬಾಯಲ್ಲಿ ಆರಿದ್ರಾ ಮಳೆ. ತುಳುನಾಡಿನ ಲೆಕ್ಕದಲ್ಲಿ ಕಾರ್ತೆಲ್ ತಿಂಗಳು. ಚಂದ್ರ ಸವೆದು ಸವೆದು ಗೆರೆಯಷ್ಟಾಗಿದ್ದ. ಮರುದಿನ ಜ್ಯೇಷ್ಠದ ಅಮಾವಾಸ್ಯೆ, ನಮ್ಮ ಬಯಲುಸೀಮೆಯವರಿಗೆ ಮಣ್ಣೆತ್ತಿನ ಅಮಾವಾಸ್ಯೆ. ಗುರು ಕೂಡ ಮಿಥುನದಲ್ಲೇ, ಸೂರ್ಯನಿಗೆ ಕೆಲವೇ ಡಿಗ್ರಿ ದೂರದಲ್ಲಿ. ಅಂದರೆ ಗುರು ಅಸ್ತ. ಶನಿ ಪಕ್ಕದ ಮನೆ ಕರ್ಕದಲ್ಲಿ.

ಈಗ ಓದೋಣ.

ಬುಧ ಅಂದರೆ ಮಾತು, ಬರಹ, ಲೆಕ್ಕ, ವಾದ. ವಾರವೂ ಅವನದು, ಸೂರ್ಯ ಕೂತ ಮನೆಯೂ ಅವನದು. ಇಂಥವರು ಮೇಷ್ಟ್ರೋ ವಕೀಲರೋ ಆಗ್ತಾರೆ ಅಂತ ಯಾವ ಜೋಯಿಸರೂ ಹೇಳಿಯಾರು. ರಂಗರಾಯರು ಎರಡೂ ಆದರು. ಸಾರಸ್ವತ ಬ್ರಾಹ್ಮಣ ಮನೆತನ. ಹದಿಹರೆಯದಲ್ಲಿ ತಂದೆ ತೀರಿಕೊಂಡ ಮೇಲೆ ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದರು. ಮೊದಲು ಶಾಲಾ ಮೇಷ್ಟ್ರು, ಆಮೇಲೆ ಪರೀಕ್ಷೆ ಪಾಸು ಮಾಡಿ ವಕೀಲರು. ಬಡವರ ಪರ ನಿಲ್ಲುವ, ಸುಳ್ಳು ಕೇಸು ಮುಟ್ಟದ ವಕೀಲರೆಂದು ಹೆಸರಾಯಿತು. ಇಲ್ಲಿಯವರೆಗೆ ಜಾತಕಕ್ಕೆ ಫುಲ್ ಮಾರ್ಕ್ಸ್.

ಆರ್ದ್ರಾ ಅಂದರೆ ಒದ್ದೆಯಾದದ್ದು. ಅದರ ಚಿಹ್ನೆ ಕಣ್ಣೀರ ಹನಿ, ಅಧಿದೇವತೆ ರುದ್ರ. ಒಂದು ಕಡೆ ಕರಗುವ ಮನಸ್ಸು, ಇನ್ನೊಂದು ಕಡೆ ಸಿಟ್ಟು. ಇವೆರಡೂ ಒಟ್ಟಿಗೆ ಕೆಲಸ ಮಾಡಿದ್ದು ಯಾವಾಗ ಅಂತ ನೋಡಲು ಶನಿಯ ಹತ್ತಿರ ಹೋಗಬೇಕು.

ಶನಿ ಸೂರ್ಯನ ಸುತ್ತ ಒಂದು ಸುತ್ತು ಮುಗಿಸಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹುಟ್ಟಿದಾಗ ಎಲ್ಲಿದ್ದನೋ ಅಲ್ಲಿಗೆ ಆಗ ವಾಪಸ್ ಬರುತ್ತಾನೆ. ಆವಾಗ ಮನುಷ್ಯನಿಗೆ ತನ್ನ ಕರ್ಮದ ಲೆಕ್ಕ ಮುಖಕ್ಕೆ ಮುಖ ಸಿಗುತ್ತೆ ಅನ್ನುತ್ತಾರೆ ಜೋಯಿಸರು. 1859ಕ್ಕೆ ಇಪ್ಪತ್ತೊಂಬತ್ತು ಕೂಡಿಸಿ. 1888. ಶನಿ ಮತ್ತೆ ಕರ್ಕದಲ್ಲಿದ್ದ.

ಆ ವರ್ಷ ಮಂಗಳೂರಿನಲ್ಲಿ ಬಾಬು ಎಂಬ ದಲಿತ ಯುವಕನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಓದಿದ್ದು ನಾಲ್ಕನೇ ಕ್ಲಾಸು. ಆ ಕಾಲಕ್ಕೆ, ಆ ಸಮುದಾಯಕ್ಕೆ ಅದೇ ದೊಡ್ಡ ಡಿಗ್ರಿ. ಆದರೆ ಅವನು ಅದೇ ಕೋರ್ಟಿನ ಜಗಲಿ ಹತ್ತುವುದು, ಕಾಗದ ಮುಟ್ಟುವುದು ಮೇಲ್ಜಾತಿಯವರಿಗೆ ಸಹಿಸಲಾಗಲಿಲ್ಲ. ಕಿರುಕುಳ ಎಷ್ಟಾಯಿತೆಂದರೆ ಅವನು ಆ ಕೆಲಸವನ್ನೇ ಬಿಟ್ಟ. ರಂಗರಾಯರು ಅದೇ ಊರಿನ ವಕೀಲರು. ಬಾಬುವಿಗೆ ಆದದ್ದು ಅವರನ್ನು ನಿದ್ದೆಗೆಡಿಸಿತು. ಓದಿದವನು ಒಬ್ಬನೇ ಇದ್ದರೆ ಓಡಿಸುತ್ತಾರೆ, ನೂರಾರು ಮಂದಿ ಓದಿದರೆ ಓಡಿಸಲಾಗದು ಎಂಬ ನಿಶ್ಚಯಕ್ಕೆ ಬಂದರು. ಜಾತಕದ ಭಾಷೆಯಲ್ಲಿ, ಶನಿ ವಾಪಸ್ ಬಂದು ಬಾಗಿಲು ತಟ್ಟಿದ್ದ.

ನಾಲ್ಕು ವರ್ಷದ ಮೇಲೆ, 1892ರಲ್ಲಿ, ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಇಲ್ಲಿ ಗುರು ಅಸ್ತದ ವಿಷಯ ಬರುತ್ತೆ. ಗುರು ಸೂರ್ಯನಿಗೆ ಹತ್ತಿರ ಬಂದಾಗ ಬೆಳಕಿನಲ್ಲಿ ಮುಳುಗಿ ಕಾಣದೇ ಹೋಗುತ್ತಾನೆ. ಆಕಾಶದಲ್ಲಿ ಇರುತ್ತಾನೆ, ಕಣ್ಣಿಗೆ ಬೀಳುವುದಿಲ್ಲ. 2025ರ ಜೂನ್‌ನಲ್ಲೂ ಹೀಗೇ ಮಿಥುನದಲ್ಲಿ ಅಸ್ತನಾಗಿದ್ದ, ಪಂಚಾಂಗ ನೋಡುವ ಮನೆಯವರಿಗೆ ನೆನಪಿರಬಹುದು. ಆ ದಿನಗಳಲ್ಲಿ ಮದುವೆ, ಮುಂಜಿ, ಅಕ್ಷರಾಭ್ಯಾಸ ಯಾವುದೂ ಇಡೋಲ್ಲ. ರಂಗರಾಯರ ಶಾಲೆಗೆ ಮೊದಲು ಬಂದ ಕಷ್ಟವೂ ಗುರುಗಳದ್ದೇ. ಊರಲ್ಲಿ ಮೇಷ್ಟ್ರುಗಳಿದ್ದರು, ಆದರೆ ಮೇಲ್ಜಾತಿಯ ಯಾರೂ ಈ ಮಕ್ಕಳಿಗೆ ಪಾಠ ಹೇಳಲು ಮುಂದೆ ಬರಲಿಲ್ಲ. ಕೊನೆಗೆ ಕ್ರೈಸ್ತ ಶಿಕ್ಷಕರು ಬಂದರು. ಅಕ್ಷರಾಭ್ಯಾಸಕ್ಕೆ ಮುಹೂರ್ತವೇ ಇಲ್ಲದ ಜಾತಕದವರು ಮುಹೂರ್ತವೇ ಇಲ್ಲದ ಮಕ್ಕಳಿಗೆ ಅಕ್ಷರ ಕಲಿಸಿದರು.

ಸುತ್ತಲಿನವರ ವಿರೋಧಕ್ಕೆ ಶಾಲೆ ಒಂದೇ ಕಡೆ ನಿಲ್ಲಲಿಲ್ಲ. ಚಿಲಿಂಬಿಯಿಂದ ಎಬ್ಬಿಸಿದರು, ಇನ್ನೊಂದು ಕಡೆ ಹಾಕಿದರು, ಅಲ್ಲಿಂದಲೂ ಎದ್ದು, ಕೊನೆಗೆ ಶೇಡಿಗುಡ್ಡೆಯಲ್ಲಿ ನೆಲೆ ನಿಂತಿತು. ಅಪ್ಪ ಅಮ್ಮಂದಿರಿಗೂ ಧೈರ್ಯ ಇರಲಿಲ್ಲ. ಮಗ ಶಾಲೆಗೆ ಹೋದರೆ ದಿನದ ದುಡಿಮೆಯ ಕೈ ಒಂದು ಕಡಿಮೆ ಆಯ್ತಲ್ಲ. ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು, ಮಕ್ಕಳನ್ನು ಕಳಿಸಿದ ಪೋಷಕರ ಕೈಗೆ ದಿನಕ್ಕಿಷ್ಟು ಪೈಸೆ ಅಂತ ಕೊಟ್ಟರು. ನಾವು ಸರ್ಕಾರಿ ಶಾಲೆಯಲ್ಲಿ ಉಂಡ ಬಿಸಿಯೂಟದ ಯೋಚನೆ, ಅದಕ್ಕೆ ನೂರು ವರ್ಷ ಮೊದಲೇ ಮಂಗಳೂರಿನಲ್ಲಿ ನಡೆದಿತ್ತು.

ಇನ್ನು ಎರಡನೇ ಮನೆ. ಅದು ಕುಟುಂಬ ಸ್ಥಾನ, ಧನ ಸ್ಥಾನವೂ ಹೌದು. ಅಲ್ಲಿ ಶನಿ ಕೂತರೆ ದುಡ್ಡು ನಿಲ್ಲೋಲ್ಲ, ನೆಂಟರು ದೂರ ಆಗ್ತಾರೆ ಅಂತ ಶಾಸ್ತ್ರ. ಅಕ್ಷರಕ್ಷರ ನಿಜವಾಯಿತು. ಸ್ವಂತ ಸಮುದಾಯ ಅವರನ್ನು ಜಾತಿಯಿಂದ ಹೊರಗಿಟ್ಟಿತು. ನೆಂಟರ ಮನೆ ಬಾಗಿಲು ಮುಚ್ಚಿತು. ಗಳಿಸಿದ್ದೆಲ್ಲ ಶಾಲೆಗೆ ಹೋಯಿತು. ಅವರು ಬ್ರಹ್ಮಸಮಾಜದ ಕಡೆ ನಡೆದರು.

ಆದರೆ ಶನಿಗೆ ಇನ್ನೊಂದು ಅರ್ಥವೂ ಇದೆ. ಅವನು ದುಡಿಯುವವರ ಗ್ರಹ. ಕೂಲಿಯವರು, ಕಸ ಗುಡಿಸುವವರು, ಊರ ಹೊರಗಿನವರು, ಎಲ್ಲ ಅವನ ಮಕ್ಕಳು. ಅಂಥವನು ಕುಟುಂಬದ ಮನೆಯಲ್ಲಿ ಕೂತಿದ್ದಾನೆ. ನೆಂಟರು ಹೋದ ಜಾಗಕ್ಕೆ ಯಾರು ಬಂದು ಕೂತರು ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಗಳ ಜೊತೆ ಹಾಸ್ಟೆಲು ಬಂತು. ನೇಯ್ಗೆ, ಮರಗೆಲಸ ಕಲಿಸುವ ಕೈಗಾರಿಕಾ ತರಬೇತಿ ಬಂತು, ಒಂದರ್ಥದಲ್ಲಿ ನಮ್ಮ ಲೈನಿನ ಕೆಲಸವೇ. ಸರ್ಕಾರದಿಂದ ಜಾಗ ಕೊಡಿಸಿ ಭೂಮಿಯಿಲ್ಲದವರಿಗೆ ಮನೆಗಳ ಕಾಲೊನಿ ಮಾಡಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೂ ಸದಸ್ಯತ್ವ ಸಿಗುವಂತೆ ಮಾಡಿದರು. ಅಂಬೇಡ್ಕರರು ಹುಟ್ಟಿದ್ದು 1891ರಲ್ಲಿ. ಅವರು ತೊಟ್ಟಿಲಲ್ಲಿದ್ದ ಕಾಲದಲ್ಲಿ ಶುರುವಾದ ಕೆಲಸ ಇದು.

ಐದನೇ ಮನೆ ಸಂತಾನದ್ದು. ಮಿಥುನದಿಂದ ಐದನೆಯದು ತುಲಾ, ತಕ್ಕಡಿಯ ರಾಶಿ. ಬೇರೆಯವರಿಗೆ ಹೇಳಿದ್ದನ್ನೇ ಮನೆಯಲ್ಲೂ ತೂಗಿದರು. ಮಗಳು ರಾಧಾಬಾಯಿಯನ್ನು ಮದ್ರಾಸಿಗೆ ಕಳಿಸಿ ಓದಿಸಿದರು. 1912ರಲ್ಲಿ ಆಕೆಯ ಮದುವೆ ಬೇರೆ ಜಾತಿಯ, ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರ ಜೊತೆ ಆಯಿತು. ಆ ಅಳಿಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ಮೊದಲ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಮೊಮ್ಮಕ್ಕಳಲ್ಲಿ ಒಬ್ಬರು ಭಾರತದ ಸೇನಾ ಮುಖ್ಯಸ್ಥ ಜನರಲ್ ಕುಮಾರಮಂಗಲಂ, ಇನ್ನೊಬ್ಬರು ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ.

1927ರಲ್ಲಿ ರಂಗರಾಯರು ಸನ್ಯಾಸ ತಗೊಂಡು ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ಮಲ ಹೊರುವ ಸಮುದಾಯದವರೇ ಮಾಡಬೇಕು ಎಂಬುದು ಅವರ ಕೊನೆಯ ಇಚ್ಛೆ. ಅವರಿಗೆ ಇನ್ನೊಂದು ಆಸೆಯೂ ಇತ್ತು, ಮಂಗಳೂರಿನವರಿಗೆಲ್ಲ ಅದು ಗೊತ್ತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ದೊಡ್ಡ ಹುದ್ದೆಗೆ ಏರಿ, ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಬದುಕು ಸಾರ್ಥಕ ಎಂದು ಅವರು ನಂಬಿದ್ದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸ ಕಂಡು ತಲೆಬಾಗಿದರು.

ಇಷ್ಟು ಓದಿದ ಮೇಲೆ ರೂಮಿನಲ್ಲಿ ಜ್ಯೋತಿಷ್ಯದ ಪಾರ್ಟಿಯವರು ಗೆದ್ದ ಹಾಗೆ ಬೀಗಿದರು. ಬುಧ ಸರಿ, ಗುರು ಸರಿ, ಶನಿ ಸರಿ. ಇನ್ನೇನು ಬೇಕು?

ಆಗ ಮಂಗಳೂರಿನವನು ಒಂದು ಪ್ರಶ್ನೆ ಕೇಳಿದ. ಅದೇ ಬುಧವಾರ, ಅದೇ ಕಾಸರಗೋಡಿನಲ್ಲಿ, ಅದೇ ಮಳೆಯಲ್ಲಿ, ಊರ ಹೊರಗಿನ ಗುಡಿಸಲಿನಲ್ಲಿ ಇನ್ನೊಂದು ಮಗು ಹುಟ್ಟಿತ್ತು ಅಂತ ಇಟ್ಟುಕೊಳ್ಳಿ. ಅದಕ್ಕೂ ಇದೇ ಸೂರ್ಯ, ಇದೇ ಗುರು, ಇದೇ ಶನಿ. ಅದು ವಕೀಲ ಆಗ್ತಿತ್ತಾ?

ಯಾರೂ ಮಾತಾಡಲಿಲ್ಲ. ಆ ಮಗುವಿನ ಭವಿಷ್ಯ ಹೇಳೋಕೆ ಜೋಯಿಸರೇ ಬೇಕಿರಲಿಲ್ಲ. ಯಾವ ಬಾವಿಯ ನೀರು ಕುಡಿಯಬಾರದು, ಯಾವ ರಸ್ತೆಯಲ್ಲಿ ನಡೆಯಬಾರದು, ಯಾವ ಜಗಲಿ ಹತ್ತಬಾರದು, ಎಲ್ಲ ಹುಟ್ಟಿದ ಗಳಿಗೆಯಲ್ಲೇ ತೀರ್ಮಾನ. ಜಾತಿ ಅನ್ನೋದು ನಮ್ಮ ದೇಶದ ಅತಿ ಹಳೆಯ ಜಾತಕ. ಅದರ ಫಲ ತಪ್ಪದ ಹಾಗೆ ಊರೇ ನಿಂತು ನೋಡಿಕೊಳ್ಳುತ್ತಿತ್ತು. ಬಾಬುವಿನ ವಿಷಯದಲ್ಲಿ ಆದದ್ದು ಅದೇ. ಅವನು ಬರೆದಿಟ್ಟದ್ದನ್ನು ಮೀರಿದ್ದ, ಕೋರ್ಟಿನವರು ಹಳೆಯ ಫಲವನ್ನೇ ಮತ್ತೆ ಜಾರಿ ಮಾಡಿದರು. ರಂಗರಾಯರು ಜೀವನ ಪೂರ್ತಿ ಮಾಡಿದ್ದು ಈ ಭವಿಷ್ಯವಾಣಿಯನ್ನು ಸುಳ್ಳು ಮಾಡುವ ಕೆಲಸ. ಹಾಗಾಗಿ ಅವರ ಬದುಕನ್ನೇ ಜಾತಕಕ್ಕೆ ಸಾಕ್ಷಿ ಅಂತ ನಿಲ್ಲಿಸೋದು ನನಗೆ ಸರಿ ಅನಿಸಲಿಲ್ಲ. ಶನಿ 1888ರ ಸುಮಾರಿಗೆ ಕರ್ಕಕ್ಕೆ ಮರಳಿದ್ದು ಅವರೊಬ್ಬರಿಗೇ ಅಲ್ಲ, ಅವರ ವಾರಿಗೆಯ ಎಲ್ಲರಿಗೂ. ಬಾಬುವನ್ನು ಓಡಿಸಿದವರಲ್ಲೂ ಅದೇ ವಯಸ್ಸಿನವರು ಇದ್ದಿರಲೇಬೇಕು. ಬಾಗಿಲು ತಟ್ಟಿದ್ದು ಕೇಳಿ ಎದ್ದು ತೆರೆದವರು ಇವರು.

ನಾನು ಆ ರಾತ್ರಿ ಸುಮ್ಮನೆ ನನ್ನ ಅಪ್ಪನ ಜಾತಕ ಹಾಕೋಣ ಅಂತ ಹೋದೆ. ಮಾರ್ಕ್ಸ್ ಕಾರ್ಡಿನಲ್ಲಿ ಅವರ ಹುಟ್ಟಿದ ದಿನ ಜೂನ್ 1. ದೊಡ್ಡಪ್ಪನದೂ ಜೂನ್ 1. ಅತ್ತೆಯದೂ ಅದೇ. ನಿಮ್ಮಲ್ಲೂ ಎಷ್ಟೋ ಜನರ ಅಪ್ಪ ಅಮ್ಮಂದಿರದು ಹೀಗೇ ಇರಬೇಕು. ಅಜ್ಜ ಅಜ್ಜಿಗೆ ತಿಥಿ ಬರೆದಿಡುವ ಅಕ್ಷರ ಇರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಮುಖ ನೋಡಿ, ವಯಸ್ಸು ಅಂದಾಜು ಮಾಡಿ, ರಿಜಿಸ್ಟರಿನಲ್ಲಿ ಒಂದು ದಿನಾಂಕ ಬರೆದರು. ನಮ್ಮ ವಂಶದಲ್ಲಿ ಯಾರದ್ದಾದರೂ ಹುಟ್ಟು ಮೊದಲ ಸಲ ಕಾಗದಕ್ಕೆ ಬಂದದ್ದು ಹಾಗೆ. ಆ ಒಂದು ಸಾಲಿನಿಂದ ಅಪ್ಪ ಓದಿದರು, ಕೆಲಸಕ್ಕೆ ಸೇರಿದರು, ನಾನು ಇಲ್ಲಿ ಜರಗನಹಳ್ಳಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಗ್ರಹಗಳನ್ನು ಎಣಿಸುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ಟೀ ಕುಡಿಯಲು ಕೆಳಗೆ ಬಂದಾಗ ಪೌರಕಾರ್ಮಿಕ ಅಕ್ಕಂದಿರು ಕನಕಪುರ ರಸ್ತೆ ಗುಡಿಸುತ್ತಿದ್ದರು. ಬಸ್ಸುಗಳು, ಕಾರುಗಳು ಎಬ್ಬಿಸಿದ ಧೂಳು ಅವರ ತಲೆ ಮೇಲೆ ಬೀಳುತ್ತಿತ್ತು. ರಂಗರಾಯರು ಬಯಸಿದ್ದ ಧೂಳು ಬೇರೆ, ಅದು ಇವರ ಮಕ್ಕಳು ಕೂತ ಕಾರಿನದು. ಟೀ ಅಂಗಡಿಯಲ್ಲಿ ನಿಂತಿದ್ದ ನಮ್ಮ ಶನಿ ಕಾಟದ ಗೆಳೆಯ ಸ್ವಲ್ಪ ಹೊತ್ತು ಅವರನ್ನೇ ನೋಡಿದ. ಆಮೇಲೆ ನಾಲ್ಕನೇ ಕಂಪನಿಯ ಆಪ್ಟಿಟ್ಯೂಡ್ ಟೆಸ್ಟಿಗೆ ಓದಬೇಕು ಅಂತ ಮೇಲೆ ಹೋದ.